ಸಂಪಾದಕರ ಉತ್ತರ: ಬೈರನ್ ನೆಲ್ಸನ್ ಓಡಿಹೋದವರಲ್ಲ

ಮಾನ್ಯರೇ,

ಅಮೆರಿಕದ ಗಾಲ್ಫ್ ಆಟಗಾರ ಬೈರನ್ ನೆಲ್ಸನ್ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನ ನಿಮಗೆ ಹಿಡಿಸಲಿಲ್ಲ. ನಿಮ್ಮ ಆಕ್ಷೇಪಗಳು ಎರಡು. 1945ರಲ್ಲಿ ಅವರು ಗೆದ್ದ 18 ಟೂರ್ನಿಗಳು, ಅದರಲ್ಲೂ ಸತತ 11 ಗೆಲುವುಗಳು, ಸಮರ್ಥ ಎದುರಾಳಿಗಳೆಲ್ಲ ಯುದ್ಧಕ್ಕೆ ಹೋಗಿದ್ದಾಗ ಸಿಕ್ಕ ಸುಲಭದ ತುತ್ತು ಎಂಬುದು ಮೊದಲನೆಯದು. ಮರುವರ್ಷವೇ, 34ನೇ ವಯಸ್ಸಿನಲ್ಲಿ, ಆಟ ಬಿಟ್ಟು ದನ ಸಾಕಲು ಹೋದದ್ದು ಪ್ರತಿಭೆಗೆ ಬಗೆದ ದ್ರೋಹ, ‘ಒಂದು ಬಗೆಯ ಪಲಾಯನ’ ಎಂಬುದು ಎರಡನೆಯದು. ಅಂಕಿಅಂಶಗಳ ಸಮೇತ, ನಿಷ್ಠುರವಾಗಿ ಬರೆದಿದ್ದೀರಿ. ನಿಮ್ಮಂಥ ಓದುಗರೊಡನೆ ವಾದಕ್ಕಿಳಿಯುವುದು ನನಗೆ ಸಂತೋಷದ ಕೆಲಸ.

ಮೊದಲ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ನೆಲ್ಸನ್ ಅವರ ದೊಡ್ಡ ಎದುರಾಳಿ ಬೆನ್ ಹೋಗನ್ ಆ ವರ್ಷದ ಬಹುಭಾಗ ಸೇನೆಯ ಸೇವೆಯಲ್ಲಿದ್ದರು. ರಕ್ತ ಹೆಪ್ಪುಗಟ್ಟಲು ತಡವಾಗುವ ದೋಷವಿದ್ದುದರಿಂದ ನೆಲ್ಸನ್ ಅವರನ್ನು ಸೇನೆ ತೆಗೆದುಕೊಳ್ಳಲಿಲ್ಲ. ಆದರೆ ಇನ್ನೊಬ್ಬ ಪ್ರಬಲ ಎದುರಾಳಿ ಸ್ಯಾಮ್ ಸ್ನೀಡ್ ಕಣದಲ್ಲಿದ್ದರು, ತಾವೂ ಆ ವರ್ಷ ಆರು ಟೂರ್ನಿಗಳನ್ನು ಗೆದ್ದರು, ಮತ್ತು ಷಾರ್ಲಟ್‌ನಲ್ಲಿ ಅವರನ್ನು ಪ್ಲೇಆಫ್‌ನಲ್ಲಿ, ಅಂದರೆ ಸಮಬಲವಾದಾಗ ನಡೆಸುವ ಹೆಚ್ಚುವರಿ ಆಟದಲ್ಲಿ, ಸೋಲಿಸಿಯೇ ನೆಲ್ಸನ್ ತಮ್ಮ ಸರಣಿಯ ಎರಡನೆಯ ಗೆಲುವನ್ನು ಪಡೆದರು. ಸೇನೆಯಿಂದ ಮರಳಿದ ಹೋಗನ್ ಪೋರ್ಟ್‌ಲ್ಯಾಂಡ್‌ನಲ್ಲಿ ನಾಲ್ಕು ಸುತ್ತುಗಳನ್ನು 261 ಹೊಡೆತಗಳಲ್ಲಿ ಮುಗಿಸಿ ನೆಲ್ಸನ್ ಅವರನ್ನು 14 ಹೊಡೆತಗಳಿಂದ ಹಿಂದಿಕ್ಕಿದ್ದು ನಿಜ. ಆದರೆ ಅದಾದ ಕೆಲವೇ ದಿನಗಳಲ್ಲಿ ಸಿಯಾಟಲ್‌ನಲ್ಲಿ ನೆಲ್ಸನ್ 259ಕ್ಕೆ ಮುಗಿಸಿದ್ದನ್ನು ನಿಮ್ಮ ಪಟ್ಟಿ ಬಿಟ್ಟುಬಿಟ್ಟಿದೆ. ಗಾಲ್ಫ್ ಎಂಬುದು ಎದುರಾಳಿ ಚೆಂಡನ್ನು ತಡೆಯುವ ಆಟವಲ್ಲ, ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆಲ್ಲುವ ಆಟ. ಪಕ್ಕದಲ್ಲಿ ಯಾರಿದ್ದರೂ ಇಲ್ಲದಿದ್ದರೂ ಕುಳಿ ಅಷ್ಟೇ ದೂರ, ಅಷ್ಟೇ ಕಿರಿದು. ಆ ವರ್ಷದ ಅವರ ಸರಾಸರಿ ಸುತ್ತಿಗೆ 68.33 ಹೊಡೆತ, ಅದನ್ನು ಮೀರಲು 2000ದಲ್ಲಿ ಟೈಗರ್ ವುಡ್ಸ್ ಬರಬೇಕಾಯಿತು. ಸತತ 11 ಗೆಲುವನ್ನಂತೂ ಇನ್ನೂ ಯಾರೂ ಮುಟ್ಟಿಲ್ಲ.

ಯುದ್ಧ ಅವರಿಗೆ ಕೊಟ್ಟದ್ದನ್ನು ಲೆಕ್ಕ ಹಾಕಿದ ನೀವು ಕಿತ್ತುಕೊಂಡದ್ದನ್ನೇಕೆ ಹಾಕಲಿಲ್ಲ? 1942ರಿಂದ 1945ರವರೆಗೆ ಯು.ಎಸ್. ಓಪನ್ ನಡೆಯಲಿಲ್ಲ, 1943ರಿಂದ ಮೂರು ವರ್ಷ ಮಾಸ್ಟರ್ಸ್ ಇರಲಿಲ್ಲ, ಬ್ರಿಟಿಷ್ ಓಪನ್ 1940ರಿಂದಲೇ ನಿಂತಿತ್ತು. ‘ಮೇಜರ್’ ಎನಿಸಿದ ನಾಲ್ಕು ಅತಿದೊಡ್ಡ ಟೂರ್ನಿಗಳಲ್ಲಿ ಅವರ ಉತ್ತುಂಗದ ವರ್ಷದಲ್ಲಿ ಆಡಲು ಸಿಕ್ಕದ್ದು ಪಿಜಿಎ ಚಾಂಪಿಯನ್‌ಶಿಪ್ ಒಂದೇ, ಅದನ್ನು ಅವರು ಗೆದ್ದರು. ಅವರ ಮೇಜರ್‌ಗಳು ಐದು, ಹೋಗನ್ ಅವರವು ಒಂಬತ್ತು ಎಂದು ತಕ್ಕಡಿ ಹಿಡಿಯುವವರು ಇದನ್ನು ನೆನಪಿಡುವುದಿಲ್ಲ.

ನನ್ನನ್ನು ನಿಜವಾಗಿ ಕೆಣಕಿದ್ದು ‘ಪಲಾಯನ’ ಎಂಬ ಆರೋಪ. ಟೆಕ್ಸಸ್‌ನ ಫೋರ್ಟ್‌ವರ್ತ್‌ನಲ್ಲಿ ಗ್ಲೆನ್ ಗಾರ್ಡನ್ ಕ್ಲಬ್ಬಿನ ಕ್ಯಾಡಿಗಳಾಗಿ, ಅಂದರೆ ಸಿರಿವಂತರ ಗಾಲ್ಫ್ ಚೀಲ ಹೊರುವ ಹುಡುಗರಾಗಿ, ನೆಲ್ಸನ್ ಮತ್ತು ಹೋಗನ್ ಇಬ್ಬರೂ ಬೆಳೆದರು. 1927ರಲ್ಲಿ ಕ್ಯಾಡಿಗಳಿಗಾಗಿಯೇ ನಡೆದ ಪಂದ್ಯದಲ್ಲಿ ಹೋಗನ್ ಅವರನ್ನು ಪ್ಲೇಆಫ್‌ನಲ್ಲಿ ಸೋಲಿಸಿದವರು ನೆಲ್ಸನ್. 1932ರಲ್ಲಿ, ಆರ್ಥಿಕ ಮಹಾಕುಸಿತದ ನಡುವೆ, ಅವರು ವೃತ್ತಿಗಿಳಿದರು. ಆ ಕಾಲದ ವೃತ್ತಿಪರ ಗಾಲ್ಫರ್‌ನ ಅನ್ನ ಟೂರ್ನಿಗಳಲ್ಲಿರಲಿಲ್ಲ. ಯಾವುದಾದರೊಂದು ಕ್ಲಬ್ಬಿನಲ್ಲಿ ಸದಸ್ಯರಿಗೆ ಪಾಠ ಹೇಳುವ ನೌಕರಿಯಲ್ಲಿತ್ತು. ನೆಲ್ಸನ್ ಕೂಡ ಹಲವು ವರ್ಷ ಅದನ್ನೇ ಮಾಡಿದರು. ಅವರಿಗೆ ಬೇಕಾಗಿದ್ದದ್ದು ಜಮೀನು. ಒಂದೊಂದು ಗೆಲುವೂ ಇನ್ನೊಂದು ಹಸು, ಇನ್ನೊಂದು ಎಕರೆ ಎಂದುಕೊಂಡೇ 1945ರಲ್ಲಿ ಆಡಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ಬಹುಮಾನದ ಬಹುಪಾಲು ನಗದಾಗಿ ಸಿಗದೆ ಯುದ್ಧಸಾಲದ ಬಾಂಡ್‌ಗಳಾಗಿ ಸಿಗುತ್ತಿದ್ದ ಕಾಲದಲ್ಲಿ ಇದೇನೂ ಸಣ್ಣ ಗುರಿಯಲ್ಲ.

ಆ ಗೆಲುವುಗಳು ಬಂದ ಬಗೆಯನ್ನೂ ನೋಡಿ. ಪ್ರತಿ ಸುತ್ತಿನ ಟಿಪ್ಪಣಿಯನ್ನು ಅವರು ಪುಟ್ಟ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1944ರ ಕೊನೆಗೆ ಅದನ್ನು ತಿರುವಿ ಹಾಕಿದಾಗ ಎರಡೇ ದೂರುಗಳು ಮತ್ತೆ ಮತ್ತೆ ಕಣ್ಣಿಗೆ ಬಿದ್ದವು: ಕುಳಿಯಿರುವ ನುಣುಪು ಹುಲ್ಲುಹಾಸಿನ ಅಂಚಿನಿಂದ ಹೊಡೆಯುವ ಸಣ್ಣ ಹೊಡೆತಗಳ ದೌರ್ಬಲ್ಯ ಮತ್ತು ಅಜಾಗರೂಕತೆ. ಮುಂದಿನ ವರ್ಷ ಒಂದು ಹೊಡೆತವನ್ನೂ ಅಲಕ್ಷ್ಯದಿಂದ ಹೊಡೆಯಬಾರದೆಂದು ನಿಶ್ಚಯಿಸಿದರು. ಈ ನಿಷ್ಠೆಗೆ ತೆತ್ತ ಬೆಲೆಯೂ ಇತ್ತು. ದೊಡ್ಡ ಪಂದ್ಯಗಳಿಗೆ ಮುನ್ನ ಅವರಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. 1942ರ ಮಾಸ್ಟರ್ಸ್ ಪ್ಲೇಆಫ್‌ಗೆ ಮುನ್ನ ಅವರ ಸ್ಥಿತಿ ಕಂಡ ಹೋಗನ್ ತಾವೇ ಪಂದ್ಯವನ್ನು ಮುಂದೂಡೋಣವೆಂದರು. ನೆಲ್ಸನ್ ಒಪ್ಪಲಿಲ್ಲ, ಆರಂಭದಲ್ಲಿ ಹಿಂದೆ ಬಿದ್ದರೂ 69-70ರಿಂದ ಗೆದ್ದರು. ಹೇಡಿಯ ಲಕ್ಷಣ ಇದರಲ್ಲೆಲ್ಲಿದೆ?

1946ರ ಯು.ಎಸ್. ಓಪನ್‌ನಲ್ಲಿ ಜನರ ನೂಕುನುಗ್ಗಲಿನ ನಡುವೆ ಅವರದೇ ಕ್ಯಾಡಿಯ ಕಾಲು ಚೆಂಡಿಗೆ ತಗುಲಿ ಒಂದು ಹೊಡೆತದ ದಂಡ ಬಿತ್ತು. ಕೊನೆಗೆ ಮೂವರು ಸಮನಾದರು. ಎರಡು ಸುತ್ತುಗಳ ಪ್ಲೇಆಫ್ ನಂತರ ಲಾಯ್ಡ್ ಮ್ಯಾಂಗ್ರಮ್ ಒಂದೇ ಹೊಡೆತದ ಅಂತರದಿಂದ ಗೆದ್ದರು. ಮ್ಯಾಂಗ್ರಮ್ ಯುರೋಪಿನ ಯುದ್ಧದಲ್ಲಿ ಗಾಯಗೊಂಡು ಬಂದವರು. ಯೋಧರು ಮರಳಿದ ಮೇಲೂ ನೆಲ್ಸನ್ ಸಾಟಿಯಾಗಿಯೇ ನಿಂತಿದ್ದರು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆ ಬೇಸಿಗೆ ಮುಗಿಯುತ್ತಿದ್ದಂತೆ ಅವರು ಟೆಕ್ಸಸ್‌ನ ರೊನೋಕ್‌ನಲ್ಲಿ ಕೊಂಡ ಜಮೀನಿಗೆ ಪತ್ನಿ ಲೂಯಿಸ್ ಅವರೊಡನೆ ಹೊರಟುಹೋದರು.

ಅಪಘಾತದಲ್ಲಿ ನುಜ್ಜುಗುಜ್ಜಾದ ಮೈಯನ್ನು ಕಟ್ಟಿಕೊಂಡು ಮರಳಿ ಬಂದು 1953ರಲ್ಲಿ ಮೂರು ಮೇಜರ್ ಗೆದ್ದ ಹೋಗನ್ ಅವರ ಹಟಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಹಟವೊಂದನ್ನೇ ದೊಡ್ಡತನವೆಂದು ನಂಬಿಸಿದ ಅಪರಾಧದಲ್ಲಿ ನಮ್ಮ ಕ್ರೀಡಾಬರಹಕ್ಕೂ ಪಾಲಿದೆ. ಮೂರು ಬಾರಿ ವಿದಾಯ ಹೇಳಿ ನಾಲ್ಕನೇ ಬಾರಿ ಮರಳುವವನು ನಮಗೆ ವೀರ. ಸಾಕೆಂದು ನಿಜವಾಗಿಯೂ ಎದ್ದು ಹೋದವನ ಮೇಲೆ ಅನುಮಾನ. ಆಟದ ಅಂಗಳದಿಂದ ಹಿಡಿದು ಸಂಘ, ಸಮಿತಿ, ವೇದಿಕೆಗಳವರೆಗೆ ಕುರ್ಚಿ ಬಿಡದವರನ್ನು ‘ದಣಿವರಿಯದ ಚೇತನ’ ಎಂದು ಸನ್ಮಾನಿಸಿ ಶಾಲು ಹೊದಿಸುವವರೂ ನಾವೇ. ಸಂಪಾದಕರೂ ಈ ಜಾತಿಗೆ ಹೊರತಲ್ಲ ಎಂದು ನೀವು ನಗಬಹುದು, ನಗಿ.

ನೆಲ್ಸನ್ ಬಿಟ್ಟದ್ದು ಟೂರ್ನಿಯಿಂದ ಟೂರ್ನಿಗೆ ಅಲೆಯುವ ಬದುಕನ್ನೇ ಹೊರತು ಗಾಲ್ಫನ್ನಲ್ಲ. ಮುಂದೆ ಹೆಸರಾದ ಆಟಗಾರರಾದ ಕೆನ್ ವೆಂಚೂರಿ ಮತ್ತು ಟಾಮ್ ವಾಟ್ಸನ್ ಅವರನ್ನು ತಿದ್ದಿದರು. 1965ರಲ್ಲಿ ಬ್ರಿಟನ್ ತಂಡದ ಎದುರು ರೈಡರ್ ಕಪ್ ಗೆದ್ದ ಅಮೆರಿಕ ತಂಡದ ನಾಯಕರಾಗಿದ್ದರು. ಡಲ್ಲಾಸ್ ಪ್ರದೇಶದ ಟೂರ್ನಿಯೊಂದು 1968ರಿಂದ ಅವರ ಹೆಸರಿನಲ್ಲೇ ನಡೆಯಿತು. ಗಾಲ್ಫ್ ಚೆಂಡು, ಕ್ಲಬ್ಬುಗಳನ್ನು ಪರೀಕ್ಷಿಸುವ ಯಂತ್ರವನ್ನು ಅವರ ಹೊಡೆತದ ಶೈಲಿಯ ಮೇಲೆ ರೂಪಿಸಿ ‘ಐರನ್ ಬೈರನ್’ ಎಂದು ಕರೆದರು. 2006ರಲ್ಲಿ, 94ನೇ ವಯಸ್ಸಿನಲ್ಲಿ, ಅವರು ತೀರಿಕೊಂಡದ್ದು ಅದೇ ರೊನೋಕ್‌ನ ಮನೆಯಲ್ಲಿ.

ಹೋಗನ್ ಕುರಿತೂ ಲೇಖನ ಬರಲಿ ಎಂದಿದ್ದೀರಿ, ಖಂಡಿತ ಬರುತ್ತದೆ. ಆದರೆ ಅದಕ್ಕೂ ಮುನ್ನ ಮ್ಯಾಂಗ್ರಮ್ ಅವರ ಬಗ್ಗೆ ಬರೆಸುವ ಮನಸ್ಸಿದೆ. 36 ಟೂರ್ನಿಗಳನ್ನು ಗೆದ್ದೂ ಮರೆತುಹೋದ ಆ ಯೋಧನ ಹೆಸರು ನಿಮ್ಮ ಪತ್ರದಲ್ಲೂ ಇರಲಿಲ್ಲ.

– ಸಂಪಾದಕ