ಸಯಾಟಿಕಾ ನೋವು ಕಮ್ಮಿಯಾದ ಮೇಲೂ ಅಮ್ಮ ಬೀಳುತ್ತಿದ್ದಾರೆ, ಇದು ವಯಸ್ಸಿನದಾ?

ತಾಯಿಗೆ 62, ಸೊಂಟದ ನರ ಒತ್ತಿ ಕಾಲಿಗಿಳಿಯುವ ಸೆಳೆತ, ಅಂದರೆ ಸಯಾಟಿಕಾ, ಈಗ ಕಮ್ಮಿ, ಆದರೂ ತಿಂಗಳಲ್ಲಿ ಎರಡು ಸಲ ಬಿದ್ದರು ಅಂತ ಬರೆದಿದ್ದೀರಿ. ದಯವಿಟ್ಟು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ನಾವು ಹಾಗೆ ಸುಮ್ಮನಾಗಿ ಅನುಭವಿಸಿದ್ದೇವೆ.

ನಮ್ಮದು ಮಂಡ್ಯದ ಹತ್ತಿರ ಹಳ್ಳಿ. ಅಪ್ಪನಿಗೆ ಎಡಗಾಲಿನ ಸಯಾಟಿಕಾ. ನೋವು ಇಳಿದ ಮೇಲೆ ಗದ್ದೆಗೆ ಹೋಗತೊಡಗಿದರು. ಒಂದು ಸಂಜೆ ಬಂದು ಜಗಲಿ ಮೇಲೆ ಕೂತಾಗ ಬಲಗಾಲಲ್ಲಿ ಮಾತ್ರ ಚಪ್ಪಲಿ. ಇನ್ನೊಂದೆಲ್ಲಿ ಅಂದರೆ ಬಗ್ಗಿ ತಮ್ಮ ಕಾಲನ್ನೇ ನೋಡಿಕೊಂಡರು. ಬದುವಿನ ಮೇಲೆ ಎಲ್ಲೋ ಕಳಚಿಹೋಗಿತ್ತು, ಪಾದಕ್ಕೆ ಗೊತ್ತೇ ಆಗಿರಲಿಲ್ಲ. ಎಂಟು ದಿನಕ್ಕೆ ನಾಲೆ ಏರಿ ಮೇಲೆ ಮುಗ್ಗರಿಸಿ ಮಣಿಕಟ್ಟು ಮುರಿದುಕೊಂಡರು.

ಮೂಳೆ ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಸೊಂಟದಲ್ಲಿ ಎಲ್5 ಎಂಬ ನರದ ಬೇರು ಒತ್ತಿಕೊಂಡರೆ ಹೆಬ್ಬೆರಳು, ಪಾದ ಮೇಲೆತ್ತುವ ಬಲ ಕುಗ್ಗುತ್ತದೆ; ಬೆರಳ ತುದಿ ನೆಲಕ್ಕೆ ತಗುಲಿ ಎಡವುತ್ತಾರೆ. ಅದರ ಕೆಳಗಿನ ಎಸ್1 ಬೇರು ಒತ್ತಿಕೊಂಡರೆ ಮೀನಖಂಡ ಸೋಲುತ್ತದೆ, ತುದಿಗಾಲಲ್ಲಿ ನಿಲ್ಲಲಾಗುವುದಿಲ್ಲ. ಅಂಗಾಲು ಜೋಮು ಹಿಡಿದರಂತೂ ನೆಲ ಏರಾ ತಗ್ಗಾ ತಿಳಿಯದು. ಬೆಳಕಿದ್ದಾಗ ಕಣ್ಣು ಆ ಕೊರತೆ ತುಂಬುತ್ತದೆ, ರಾತ್ರಿ ಬಚ್ಚಲಿಗೆ ಹೋಗುವಾಗ ತುಂಬುವವರಿಲ್ಲ. ನೋವು ಹೋದರೂ ಬಲ, ಸ್ಪರ್ಶ ತಿರುಗಿ ಬರುವುದು ನಿಧಾನ.

ಮನೆಯಲ್ಲೇ ಒಂದು ನೋಡಿ. ನೀವು ಪಕ್ಕದಲ್ಲಿ ಹಿಡಿದುಕೊಂಡು ಅಮ್ಮನನ್ನು ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಸಿ. ಒಂದು ಕಡೆ ಪಾದ ಟಪ್ಪನೆ ಬಿದ್ದರೆ ತಡಮಾಡದೆ ತೋರಿಸಿ, ಬಿದ್ದದ್ದನ್ನೂ ಹೇಳಿ. ನೋವಿನ ಕತೆಯಲ್ಲಿ ಅದು ಮರೆತೇಹೋಗುತ್ತದೆ. ಮಾತ್ರೆ ಚೀಟಿಯೂ ಜೊತೆಗಿರಲಿ. ಪ್ರಿಗಾಬಲಿನ್, ಗಾಬಾಪೆಂಟಿನ್ ಎಂಬ ನರನೋವಿನ ಮಾತ್ರೆ ಇದ್ದರೆ ಮಂಪರು, ತಲೆಸುತ್ತು ಬರಬಹುದು. ನೀವಾಗಿಯೇ ನಿಲ್ಲಿಸಬೇಡಿ.

ಹವಾಯಿ ಚಪ್ಪಲಿ ಬಿಡಿಸಿ, ಹಿಂದೆ ಪಟ್ಟಿ ಇರುವುದನ್ನು ಕೊಡಿಸಿ. ಬಚ್ಚಲಲ್ಲಿ ಹಿಡಿಕೆ, ರಾತ್ರಿ ಸಣ್ಣ ದೀಪ ಇರಲಿ. ಕೋಲು ಸೋತ ಕಾಲಿನ ಎದುರು ಕೈಯಲ್ಲಿರಬೇಕು. ಅಪ್ಪ ತಿಂಗಳುಗಟ್ಟಲೆ ಸೋತ ಕಡೆಗೇ ಹಿಡಿದಿದ್ದರು, ಫಿಸಿಯೋಥೆರಪಿಯವರು ನೋಡಿ ಬದಲಿಸಿದರು. ಬೀಳುವ ಭಯಕ್ಕೆ ಮಂಚ ಹಿಡಿಸಬೇಡಿ, ಉಳಿದ ಬಲವೂ ಹೋಗುತ್ತದೆ.

ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಸಂದು ಮರಗಟ್ಟಿದರೆ, ಎರಡೂ ಕಾಲು ಸೋತರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ದೊಡ್ಡಾಸ್ಪತ್ರೆಗೆ ಹೊರಡಿ.