ಹೆದ್ದಾರಿ ಬಿಟ್ಟು ಆಗುಂಬೆಗೆ

ಪ್ರಶ್ನೆ: ಗೆಳೆಯನ ಜೊತೆ ಬೆಂಗಳೂರಿನಿಂದ ಆಗುಂಬೆಗೆ ಬೈಕಲ್ಲಿ ಹೊರಟಿದ್ದೇನೆ. ಮೂರು ದಿನ ರಜೆ. ಕಾಡು, ಕಾಫಿ ತೋಟದ ಸಣ್ಣ ರಸ್ತೆಗಳೇ ಬೇಕು, ಆದರೆ ಮ್ಯಾಪ್ ಪ್ರತಿ ಸಲ ಹೆದ್ದಾರಿಗೇ ತಳ್ಳುತ್ತದೆ. ಏನು ಮಾಡಲಿ?

ಉತ್ತರ: ಮ್ಯಾಪ್‌ಗೆ ಬೇಕಾಗಿರುವುದು ಬೇಗ ತಲುಪುವುದು, ನಿಮಗೆ ಅದಲ್ಲ, ಅಲ್ವಾ? ಅದಕ್ಕೇ ಆಗುಂಬೆ ಅಂತ ಒಂದೇ ಹೆಸರು ಹಾಕಬೇಡಿ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಕುದುರೆಮುಖ, ಶೃಂಗೇರಿ ಅಂತ ನಡುವಿನ ಊರುಗಳನ್ನೂ ಸೇರಿಸಿ. ಹಾಸನದವರೆಗೆ ಹೆದ್ದಾರಿಯಲ್ಲೇ ಹೋಗಿ, ಅಲ್ಲಿ ಹಟ ಮಾಡಿ ಏನೂ ಸಿಗುವುದಿಲ್ಲ. ನಿಜವಾದ ಮಜಾ ಮೂಡಿಗೆರೆ ದಾಟಿದ ಮೇಲೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋದರೆ ನಾನು ಹೊಣೆಯಲ್ಲ. ಅಲ್ಲಿಂದ ಎಡಕ್ಕೆ ಚಾರ್ಮಾಡಿ ಘಾಟಿ ಕರೆಯುತ್ತದೆ, ನೀವು ಕಳಸದ ಕಡೆ ತಿರುಗಿ.

ಕಳಸದಲ್ಲೇ ರಾತ್ರಿ ಉಳಿಯಿರಿ. ಯಾಕೆಂದರೆ ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೇ ರಸ್ತೆ, ಚೆಕ್‌ಪೋಸ್ಟ್‌ನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಸುಮ್ನೆ ಫೋಟೋಗೆ ಅಂತ ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ಹಗಲಲ್ಲೇ ದಾಟಿ. ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ಹತ್ತಿರ ಕಾರ್ಕಳದ ದಾರಿ ಬಿಟ್ಟು ಕೆರೆಕಟ್ಟೆ ಮೇಲೆ ಶೃಂಗೇರಿಗೆ ಬನ್ನಿ.

ಈ ದಾರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಲೆಕ್ಕ ಹಾಕಿ, ಅದಕ್ಕಿಂತ ಜಾಸ್ತಿ ಬೇಡ. ಟ್ಯಾಂಕ್ ಮೂಡಿಗೆರೆಯಲ್ಲೇ ತುಂಬಿಸಿ. ನೆಟ್‌ವರ್ಕ್ ಕೈಕೊಡುತ್ತದೆ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಜುಲೈ ಮಳೆಯಲ್ಲಿ ಮಾತ್ರ ಬೇಡ ಮಾರಾಯ್ರೆ, ಅಕ್ಟೋಬರ್ ಕೊನೆಗೆ ಹೋಗಿ.