ಸ್ವಿಂಗ್ ವಿಚಿತ್ರ ಇದ್ರೂ ಬಾಲ್ ನೆಟ್ಟಗೆ ಹೋಗ್ತದಾ?

ಪ್ರಶ್ನೆ: ಸರ್, ನಾನು ಶಿಪ್ಪಲ್ಲಿ ಕೆಲಸ ಮಾಡಿ ರಿಟೈರ್ ಆಗಿ ಈಗ ಕೋಡಿಬಾಗದಲ್ಲಿ ಇದ್ದೇನೆ. ಗಾಲ್ಫ್ ಹುಚ್ಚು ಹಿಡಿದದ್ದು ಮಸ್ಕತ್‌ನಲ್ಲಿ. ಈಗ ಗೋವಾ ಕಡೆ ಹೋದಾಗ ಆಡೋದು, ಉಳಿದ ದಿನ ಬೈತಖೋಲದಿಂದ ತಂದ ಹಳೇ ಮೀನು ಬಲೆ ಹಿತ್ತಲಲ್ಲಿ ಕಟ್ಟಿ ಅದಕ್ಕೇ ಹೊಡೆಯೋದು. ಒಂದು ಬಾಲ್ ಬಲಕ್ಕೆ ಬಾಗಿ ಹೋದ್ರೆ ಇನ್ನೊಂದು ಎಡಕ್ಕೆ, ಮೂರನೇದು ನೆಲಕ್ಕೇ. ಮೊನ್ನೆ ಯೂಟ್ಯೂಬಲ್ಲಿ ಕೆನಡಾದ ಮೋ ನಾರ್ಮನ್ ಅವರ ಸ್ವಿಂಗ್ ನೋಡ್ದೆ, ಸಿಂಗಲ್ ಪ್ಲೇನ್ ಅಂತಾರಂತೆ, ಕೈ ಚಾಚಿ ಕಾಲು ಅಗಲ ಮಾಡಿ ನಿಂತು ಹೊಡೀತಾರೆ, ಎಲ್ಲಾ ನೆಟ್ಟಗೆ. ನನ್ನ ವಯಸ್ಸಲ್ಲಿ ಟ್ರೈ ಮಾಡಬಹುದಾ? ಜೊತೆಗೆ ಆಡೋ ಒಬ್ರು, ಕೋಚ್ ಹತ್ರ ಕಲ್ತವರು, ಇದ್ದದ್ದೂ ಹಾಳಾಗ್ತದೆ ಅಂತಾರೆ.
— ಓದುಗರೊಬ್ಬರು, ಕಾರವಾರ

ಉತ್ತರ: ಟ್ರೈ ಮಾಡಿ ಮಾರಾಯ್ರೆ, ಧಾರಾಳವಾಗಿ. ನಿಮ್ಮ ಸ್ನೇಹಿತರು ಹೇಳೋದ್ರಲ್ಲೂ ಸುಳ್ಳಿಲ್ಲ, ಅದಕ್ಕೆ ಆಮೇಲೆ ಬರ್ತೇನೆ.

ಮಾಮೂಲಿ ಸ್ವಿಂಗಲ್ಲಿ ನಾವು ಬಾಲ್ ಮುಂದೆ ನಿಂತಾಗ ಕೈ ಭುಜದಿಂದ ಸೀದಾ ಕೆಳಗೆ ಜೋತಿರ್ತದೆ, ಕ್ಲಬ್ಬಿನ ಕೋಲು ಬೇರೆ ಕೋನದಲ್ಲಿ ಇರ್ತದೆ. ಬಾಲಿಗೆ ತಾಗೋ ಹೊತ್ತಿಗೆ ಬೀಸಿದ ಜೋರಿಗೆ ಕೈ ಸ್ವಲ್ಪ ಮೇಲೇರಿ ಹೊರಗೆ ಚಾಚಿರ್ತದೆ, ಅಂದ್ರೆ ಕೋಲು ಶುರುವಾದ ಕೋನಕ್ಕೆ ವಾಪಸ್ ಬರೋದಿಲ್ಲ, ಆ ವ್ಯತ್ಯಾಸ ಎಲ್ಲ ಸೊಂಟ ಮೊಣಕಾಲು ಬೆನ್ನು ಸೇರಿ ಆ ಕ್ಷಣಕ್ಕೆ ಸರಿದೂಗಿಸಬೇಕು. ದಿನಾ ಆಡೋರಿಗೆ ಅದು ತನ್ನಷ್ಟಕ್ಕೇ ಆಗ್ತದೆ, ಗೋವಾಕ್ಕೆ ಹೋದಾಗ ಮಾತ್ರ ಆಡೋರಿಗೆ ಒಂದಿನ ಆಗ್ತದೆ, ಒಂದಿನ ಇಲ್ಲ. ನಾರ್ಮನ್ ಮಾಡಿದ್ದು ಇಷ್ಟೇ, ತಾಗೋ ಹೊತ್ತಿಗೆ ಕೈ ಮತ್ತು ಕೋಲು ಎಲ್ಲಿರಬೇಕೋ ಅಲ್ಲಿಂದಲೇ ಶುರು ಮಾಡಿದ್ರು. ಕೈ-ಕೋಲು ಒಂದೇ ಗೆರೆ, ಕ್ಲಬ್ಬಿನ ತಲೆ ಬಾಲಿಗಿಂತ ಸುಮಾರು ಒಂದಡಿ ಹಿಂದೆ. ಯಾರ ಹತ್ರವೂ ಕಲಿಯದೆ ತಾನೇ ಕಂಡುಕೊಂಡ ಈ ಸ್ವಿಂಗಲ್ಲಿ 1955 ಮತ್ತು 1956ರಲ್ಲಿ ಕೆನಡಾದ ಅಮೆಚೂರ್ ಚಾಂಪಿಯನ್ ಆದ್ರು. ಈಗಿನವರಲ್ಲಿ ಬ್ರೈಸನ್ ಡಿಶಾಂಬೋ ಇದರ ಹತ್ತಿರದ ಸ್ವಿಂಗಲ್ಲೇ 2020 ಮತ್ತು 2024ರ ಯುಎಸ್ ಓಪನ್ ಗೆದ್ದದ್ದು, ಅವನ ಐರನ್ನುಗಳೆಲ್ಲ (ಚಪ್ಪಟೆ ತಲೆಯ ಕ್ಲಬ್ಬುಗಳು) ಒಂದೇ ಉದ್ದ ಬೇರೆ.

ಹಾಗಂತ ಇದೊಂದೇ ದಾರಿ ಅಂದ್ಕೋಬೇಡಿ. ಜಿಮ್ ಫ್ಯೂರಿಕ್ ಪೂರ್ತಿ ಉಲ್ಟಾ, ಕ್ಲಬ್ ಮೇಲೆ ಹೋಗೋ ದಾರಿ ಒಂದು, ಕೆಳಗೆ ಬರೋದು ಇನ್ನೊಂದು, ನಡುವೆ ದೊಡ್ಡ ಸುತ್ತು. ನೋಡಿದ್ರೆ ನಗು ಬರ್ತದೆ, ಆದ್ರೆ 2003ರ ಯುಎಸ್ ಓಪನ್ ಗೆದ್ದ ಮನುಷ್ಯ, 2016ರಲ್ಲಿ ಒಂದು ರೌಂಡನ್ನ, ಅಂದ್ರೆ 18 ಕುಳಿಯನ್ನ, ಬರೀ 58 ಹೊಡೆತದಲ್ಲಿ ಮುಗಿಸಿದ. ಕಾಳಿ ದಂಡೆಯಲ್ಲಿ ಬೀಸುಬಲೆ ಹಾಕೋರನ್ನ ನೀವು ದಿನಾ ನೋಡ್ತೀರಿ, ಒಬ್ಬ ಮೊಣಕೈ ಮೇಲೆ ಹೊತ್ತು ಎಸೀತಾನೆ ಇನ್ನೊಬ್ಬ ಸೊಂಟ ತಿರುಗಿಸಿ, ನೀರಿಗೆ ಬಿದ್ದಾಗ ಇಬ್ರದ್ದೂ ದುಂಡಗೇ ಅರಳ್ತದೆ.

ನಿಮ್ಮ ಕೇಸಲ್ಲಿ ಸಿಂಗಲ್ ಪ್ಲೇನ್ ಯಾಕೆ ಚಲೋ ಅನ್ನಿಸ್ತದೆ ಅಂದ್ರೆ ಅಲುಗಾಡೋದು ಕಡಿಮೆ, ತಪ್ಪೋಕೆ ಜಾಗವೂ ಕಡಿಮೆ. ದೂರ ಸ್ವಲ್ಪ ಕಮ್ಮಿ ಆಗಬಹುದು, ಅದನ್ನ ಒಪ್ಕೊಂಡೇ ಇಳೀರಿ. ಆದ್ರೆ ಒಂದು ವಿಷಯ, ಬಾಲ್ ಹೊರಡೋ ದಿಕ್ಕು ಹೆಚ್ಚಾಗಿ ಕ್ಲಬ್ಬಿನ ಮುಖ ಎತ್ಲಾಗೆ ನೋಡ್ತದೋ ಅತ್ಲಾಗೆ, ಆಮೇಲೆ ಅದು ಬಾಗೋದು ಮುಖಕ್ಕೂ ಬೀಸಿದ ದಾರಿಗೂ ಹೊಂದದೇ ಇದ್ದಾಗ. ಮುಖ ತೆರೆದೇ, ಅಂದ್ರೆ ಬಲಕ್ಕೆ ತಿರುಗಿಯೇ ಬರ್ತಾ ಇದ್ರೆ ನೀವು ನಾರ್ಮನ್ ತರ ನಿಂತ್ರೂ ಬಾಲ್ ಬಲಕ್ಕೇ. ಹಾಗಾಗಿ ಗ್ರಿಪ್, ಅಂದ್ರೆ ಕ್ಲಬ್ ಹಿಡಿಯೋ ರೀತಿ, ಮೊದ್ಲು ಸರಿ ಇದೆಯಾ ನೋಡಿ.

ಈಗ ನಿಮ್ಮ ಬಲೆ ವಿಚಾರ, ಓದಿ ಖುಷಿ ಆಯ್ತು. ಆದ್ರೆ ಬಲೆ ದೊಡ್ಡ ಮೋಸಗಾರ, ಬಾಲ್ ಎಲ್ಲಿ ಹೋಗ್ತಿತ್ತು ಅಂತ ಹೇಳೋದೇ ಇಲ್ಲ, ಢಬ್ ಅಂತ ಚಲೋ ಶಬ್ದ ಬಂದ್ರೆ ನಾವೇ ನೆಟ್ಟಗೆ ಹೋಯ್ತು ಅಂದ್ಕೋತೇವೆ. ಬಾಲಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರಿಂದ ದಪ್ಪ ಚುಕ್ಕೆ ಇಟ್ಟು ಹೊಡೀರಿ, ಕ್ಲಬ್ಬಿನ ಮುಖದ ಮೇಲೆ ಅಚ್ಚು ಬೀಳ್ತದೆ. ಅದು ಒಂದ್ಸಲ ತುದಿಗೆ ಒಂದ್ಸಲ ಬುಡಕ್ಕೆ ಬೀಳ್ತಾ ಇದ್ರೆ ಸ್ವಿಂಗ್ ಹೊಸದಾದ್ರೂ ರೋಗ ಹಳೇದೇ. ಬಲೆ ಕಟ್ಟುವಾಗ ಬಿಗಿ ಎಳೀಬೇಡಿ, ಸಡಿಲ ಬಿಟ್ರೆ ಬಾಲ್ ಅಲ್ಲೇ ಸತ್ತು ಬೀಳ್ತದೆ, ಬಿಗಿ ಇದ್ರೆ ನಿಮ್ಮ ಮೊಣಕಾಲಿಗೇ ವಾಪಸ್. ಗಾಲ್ಫ್ ಬಾಲ್ 42.67 ಮಿ.ಮೀ.ಗಿಂತ ಸಣ್ಣ ಇರೋ ಹಾಗಿಲ್ಲ, ಆದ್ರೂ ಬಾಲನ್ನ ಕೈಲಿ ಒತ್ತಿ ನೋಡಿ, ಬಲೆ ಕಣ್ಣಿಂದ ತೂರಬಾರದು. ಬಿಸಿಲಿಗೆ ನೈಲಾನ್ ಲಡ್ಡಾಗ್ತದೆ, ಹಿಂದೆ ಒಂದು ಹಳೇ ಕಂಬಳಿ ಇಳಿಬಿಟ್ರೆ ಪಕ್ಕದ ಮನೆಯವರ ಹಂಚು ಉಳೀತದೆ. ಚಿರೆಕಲ್ಲು ನೆಲದ ಮೇಲಂತೂ ಬರೀ ಹೊಡೀಬೇಡಿ, ಮೊಣಕೈ ಹೋಗ್ತದೆ, ಕೆಳಗೆ ದಪ್ಪ ಮ್ಯಾಟ್ ಬೇಕೇ ಬೇಕು.

ಕಲಿಯೋದು ಹೇಗಂದ್ರೆ, ಏಳನೇ ಐರನ್ ತಗೊಂಡು ಸೊಂಟದಿಂದ ಸೊಂಟಕ್ಕೆ ಅರ್ಧ ಸ್ವಿಂಗ್ ಮಾತ್ರ, ದೂರ ಹೊಡೆಯೋ ಉದ್ದದ ಕ್ಲಬ್ ಡ್ರೈವರ್ ಮುಟ್ಲೇಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಹೊರಗೆ ಹೊಡೆಯೋದು ಹೇಗೂ ಕಷ್ಟ, ಆಗ ಒಳಗೆ ಕನ್ನಡಿ ಮುಂದೆ ಬಾಲಿಲ್ಲದೆ ಬರೀ ನಿಲ್ಲೋದನ್ನ ರೂಢಿ ಮಾಡ್ಕೊಳ್ಳಿ. ನಿಮ್ಮ ಸ್ನೇಹಿತರು ಹೇಳೋ ಹಾಗೆ ಹಾಳಾಗೋದು ಯಾವಾಗ ಅಂದ್ರೆ ಹಳೇದರ ಮೇಲೆ ಹೊಸದು ಕಲೆಸಿದಾಗ, ನಿಲ್ಲೋದು ನಾರ್ಮನ್ ತರ ಬೀಸೋದು ಹಳೇ ತರ, ಆಗ ಎರಡೂ ಇಲ್ಲ. ಒಂದು ಸೀಸನ್ ಪೂರ್ತಿ ಒಂದೇ ಇಟ್ಕೊಳ್ಳಿ.

ಆಮೇಲೆ ಗೋವಾದಲ್ಲಿ ಬಯಲಿಗೆ ಇಳಿದಾಗ ಚಲೋ ಹೊಡೆತ ಎಣಿಸಬೇಡಿ, ಅದು ಎಲ್ರಿಗೂ ಬೀಳ್ತದೆ. 20 ಬಾಲ್ ಹೊಡೆದು ತೀರಾ ಕೆಟ್ಟ ನಾಲ್ಕೈದು ಎಲ್ಲಿ ಬಿದ್ದಿದಾವೆ ನೋಡಿ. ಅವೆಲ್ಲಾ ಒಂದೇ ಬದಿಗೆ, ಅಂದ್ರೆ ಬರೀ ಬಲಕ್ಕೆ ಬಿದ್ದಿದ್ರೆ ಕೆಲಸ ಅರ್ಧ ಆಯ್ತು ಅಂತ, ಇನ್ನು ಸ್ವಲ್ಪ ಎಡಕ್ಕೆ ಗುರಿ ಇಟ್ರೆ ಆಟ ನಡೀತದೆ. ಎರಡೂ ಬದಿಗೆ ಹರಡಿದ್ರೆ ಆ ಸ್ವಿಂಗ್ ಇನ್ನೂ ನಿಮ್ಮದಾಗಿಲ್ಲ.

ಪ್ರಶ್ನೆ: ನಾನು ಬಲಗೈಯವ, ಆದ್ರೆ ಕ್ಲಬ್ ಹಿಡಿಯುವಾಗ ಎಡಗೈ ಕೆಳಗೆ ಬರ್ತದೆ. ಬೆಂಗಳೂರಿಂದ ಬಂದ ಮಗ ನೋಡಿ ನಗ್ತಾನೆ. ಬದಲಾಯಿಸಬೇಕಾ?
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಮಗನಿಗೆ ಪಾಪ್ವಾ ಸೆವ್ಗೋಲಮ್ ಕತೆ ಹೇಳಿ. ದಕ್ಷಿಣ ಆಫ್ರಿಕಾದ ಡರ್ಬನ್ನಿನ ಭಾರತೀಯ ಮೂಲದವ, ಕ್ಯಾಡಿ (ಆಟಗಾರರ ಕ್ಲಬ್ ಚೀಲ ಹೊರೋ ಕೆಲಸದವ) ಆಗಿದ್ದವ, ಥೇಟ್ ನಿಮ್ಮ ಹಾಗೇ ಹಿಡೀತಿದ್ದ. ಡಚ್ ಓಪನ್ ಮೂರು ಸಲ ಗೆದ್ದ, 1965ರ ನಟಾಲ್ ಓಪನ್‌ನಲ್ಲಿ ಗ್ಯಾರಿ ಪ್ಲೇಯರ್‌ನನ್ನೇ ಸೋಲಿಸಿದ. 1963ರಲ್ಲಿ ಅದೇ ಟೂರ್ನಿ ಗೆದ್ದಾಗ ಬಿಳಿಯರ ಕ್ಲಬ್‌ಹೌಸ್ ಒಳಗೆ ಸೇರಿಸದೆ ಹೊರಗೆ ಮಳೇಲಿ ನಿಲ್ಲಿಸಿ ಟ್ರೋಫಿ ಕೊಟ್ರು, ಅದು ಬೇರೆ ನೋವಿನ ಕತೆ. ನಿಮ್ಮ ಬಾಲ್ ಹೋಗೋ ಕಡೆ ಹೋಗ್ತಾ ಇದ್ರೆ ಕೈ ಬದಲಾಯಿಸೋ ಗೋಜಿಗೇ ಹೋಗಬೇಡಿ. ಈಗಷ್ಟೇ ಶುರು ಮಾಡಿದ್ದಾದ್ರೆ ಮಾತ್ರ ಮಾಮೂಲಿ ಗ್ರಿಪ್ ಒಮ್ಮೆ ನೋಡಿ, ಕಲಿಸೋರು ಸಿಗೋದು ಅದಕ್ಕೇ.

ಪ್ರಶ್ನೆ: ಇಂಥ ವಿಚಿತ್ರ ಸ್ವಿಂಗಿಗೆಲ್ಲ ರೂಲ್ ಪ್ರಕಾರ ಅಡ್ಡಿ ಇಲ್ವಾ?
— ಕುಮಟಾದಿಂದ

ಉತ್ತರ: ಹೇಗೆ ನಿಂತ್ರೂ ಹೇಗೆ ಬೀಸಿದ್ರೂ ಕೇಳೋರಿಲ್ಲ, ಬಾಲನ್ನ ತಳ್ಳಬಾರದು ಬಾಚಬಾರದು, ಹೊಡೀಬೇಕು ಅಷ್ಟೆ. ಆದ್ರೆ ಗುರಿಯ ಗೆರೆ ಎರಡು ಕಾಲಿನ ನಡುವೆ ಬರೋ ಹಾಗೆ ಬೇಕಂತಲೇ ನಿಂತು ಎಲ್ಲೂ ಹೊಡೆಯೋ ಹಾಗಿಲ್ಲ. ಇನ್ನು ಕ್ಲಬ್ಬಿನ ತುದಿಯನ್ನ ಹೊಟ್ಟೆಗೋ ಎದೆಗೋ ಒತ್ತಿ ಹಿಡಿದು ಹೊಡೆಯೋದು 2016ರ ಜನವರಿಯಿಂದ ಬಂದ್. ಉದ್ದ ಪಟರ್ (ಕುಳಿ ಹತ್ರ ಬಾಲ್ ಉರುಳಿಸೋ ಕ್ಲಬ್) ಇಟ್ಕೊಳ್ಳೋಕೆ ಅಡ್ಡಿಯಿಲ್ಲ, ಮೈಗೆ ಒತ್ತಿ ಹಿಡೀಬೇಡಿ ಅಷ್ಟೇ.